ಸ್ವಂತ ಎಣ್ಣೆ, ಸ್ವಂತ ದುಡ್ಡು: ತ್ಯಾಗದ ಪ್ರೀತಿಯನ್ನು ದಿನದ ಕೆಲಸವಾಗಿ ನಡೆಸುವ ಬಗೆ

ಯೆರಿಕೋ ದಾರಿಯಲ್ಲಿ ಪೆಟ್ಟು ತಿಂದು ಬಿದ್ದವನನ್ನು ಎತ್ತಿದ ಸಮಾರ್ಯದವನ ಕಥೆಯನ್ನು (ಬೈಬಲಿನ ಲೂಕ 10) ಎಷ್ಟು ಪ್ರಸಂಗಗಳಲ್ಲಿ ಕೇಳಿದ್ದೇವೋ ಲೆಕ್ಕವಿಲ್ಲ. ಆದರೆ ಆ ಕಥೆಯೊಳಗೇ ಒಂದು ಲೆಕ್ಕ ಇದೆ. ಗಾಯಕ್ಕೆ ಹೊಯ್ದ ಎಣ್ಣೆ ಮತ್ತು ದ್ರಾಕ್ಷಾರಸ ಅವನ ಚೀಲದ್ದು. ಗಾಯಾಳುವನ್ನು ಕೂರಿಸಿದ್ದು ತನ್ನ ಸವಾರಿಯ ಮೇಲೆ. ಉಳಿದ ದಾರಿ ಅವನು ನಡೆದೇ ಹೋಗಿರಬೇಕು. ಛತ್ರದಲ್ಲಿ ಒಂದು ರಾತ್ರಿ ತಾನೇ ನೋಡಿಕೊಂಡ. ಮರುದಿನ ಛತ್ರದವನ ಕೈಗೆ ಎರಡು ದಿನಾರಿ ಕೊಟ್ಟ. ಆಗ ಒಂದು ದಿನಾರಿ ಅಂದರೆ ಒಂದು ದಿನದ ಕೂಲಿ (ಮತ್ತಾಯ 20:2). ಹೆಚ್ಚು ಖರ್ಚಾದರೆ ಹಿಂದೆ ಬರುವಾಗ ಕೊಡುತ್ತೇನೆ ಎಂದು ಹೇಳಿ ತನ್ನ ದಾರಿ ಹಿಡಿದ.

ಇದರಲ್ಲಿ ನಾಲ್ಕು ಸಂಗತಿ ಇವೆ. ಖರ್ಚು ಪೂರ್ತಿ ಅವನದ್ದು. ಖರ್ಚಿಗೊಂದು ಅಳತೆ ಇತ್ತು. ಕೆಲಸವನ್ನು ಇನ್ನೊಬ್ಬರಿಗೆ ಸರಿಯಾಗಿ ಒಪ್ಪಿಸಿದ. ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟ. ನಮ್ಮ ಮನೆ, ಇಗರ್ಜಿ (ಚರ್ಚು), ನೆರೆಕರೆಯಲ್ಲಿ ತ್ಯಾಗ ಎಂದು ಶುರುವಾದದ್ದು ನಡುವೆ ಕೆಟ್ಟುಹೋಗುವುದು ಹೆಚ್ಚಾಗಿ ಈ ನಾಲ್ಕರಲ್ಲಿ ಒಂದು ತಪ್ಪಿದ್ದಕ್ಕೆ. ಅದರಲ್ಲೂ ಮೊದಲನೆಯದ್ದು.

'ಅಗಾಪೆ' ಎಂಬ ಗ್ರೀಕ್ ಶಬ್ದವನ್ನು ಹಿಡಿದುಕೊಂಡು ಅದೇ ದೈವಿಕ ಪ್ರೀತಿ ಎಂದು ವಿವರಿಸುವ ಪದ್ಧತಿ ನಮ್ಮಲ್ಲಿದೆ. ಶಬ್ದಕ್ಕೆ ಅಷ್ಟು ಶಕ್ತಿ ಇಲ್ಲ. ಜನ ಬೆಳಕಿಗಿಂತ ಕತ್ತಲೆಯನ್ನು ಪ್ರೀತಿಸಿದರು ಎಂಬಲ್ಲಿಯೂ (ಯೋಹಾನ 3:19) ಅದೇ ಕ್ರಿಯಾಪದ ಇದೆ. ಆದ್ದರಿಂದ ಶಬ್ದ ಬಿಟ್ಟು ಕೆಲಸಕ್ಕೆ ಬರೋಣ.

ಮೊದಲು ಒಂದು ಮನೆ, ಒಂದು ಕೆಲಸ

ತಪಸ್ಸುಕಾಲದ (ಈಸ್ಟರಿಗೆ ಮೊದಲಿನ ಉಪವಾಸದ ದಿನಗಳ) ಹುರುಪಿನಲ್ಲಿ 'ಇನ್ನು ಎಲ್ಲರಿಗೂ ಸಹಾಯ ಮಾಡುತ್ತೇನೆ' ಎಂದು ಹೊರಟವರು ಮೂರನೇ ವಾರಕ್ಕೆ ಸುಸ್ತಾಗುತ್ತಾರೆ. ಒಬ್ಬ ವ್ಯಕ್ತಿ ಅಥವಾ ಒಂದು ಮನೆಯನ್ನು ಆರಿಸಿ. ಒಂದೇ ಕೆಲಸ, ನಿಗದಿತ ದಿನ, ನಿಗದಿತ ಹೊತ್ತು. ಅವಧಿ ಆರು ವಾರ. ಆರು ವಾರ ಮುಗಿದಾಗ ಮುಂದುವರಿಸುವುದೋ ಬೇರೆಯವರಿಗೆ ಒಪ್ಪಿಸುವುದೋ ಎಂದು ಕೂತು ಮಾತಾಡಿ. ಅವಧಿ ಹೇಳದೆ ಶುರು ಮಾಡಿದರೆ, ನೀವು ನಿಲ್ಲಿಸಿದ ದಿನ ಅವರಿಗೆ ಕೈಬಿಟ್ಟ ಹಾಗೆ ಆಗುತ್ತದೆ.

'ಏನಾದರೂ ಬೇಕಾದರೆ ಹೇಳಿ ಆಯ್ತಾ' ಎಂಬ ಮಾತನ್ನು ಬಿಟ್ಟುಬಿಡಿ. ಕೇಳುವ ಕಷ್ಟವನ್ನು ಅದು ಕಷ್ಟದಲ್ಲಿ ಇರುವವರ ತಲೆಗೇ ಹಾಕುತ್ತದೆ. ಯಾರೂ ಕೇಳುವುದಿಲ್ಲ, ನಾವು ಹೇಳಿದ್ದೇವಲ್ಲ ಎಂಬ ಸಮಾಧಾನ ಮಾತ್ರ ನಮಗೆ ಉಳಿಯುತ್ತದೆ. ಬದಲಿಗೆ, 'ಅಕ್ಕ, ಮಂಗಳವಾರ ನಾನು ಪೇಟೆಗೆ ಹೋಗುವುದುಂಟು. ನಿಮ್ಮ ರೇಷನ್ ತರ್ಲಾ, ಮದ್ದು ತರ್ಲಾ?' ಎಂದು ಕೇಳಿ. ಬೇಡ ಎಂದರೆ ಬೇಡ. ಬಾರ್ತಿಮಾಯನ ಕುರುಡುತನ ಕಣ್ಣಿಗೆ ಕಾಣುತ್ತಿದ್ದರೂ ಯೇಸುಸ್ವಾಮಿ 'ನಾನು ನಿನಗೆ ಏನು ಮಾಡಬೇಕು' ಎಂದು ಕೇಳಿಯೇ ಮುಂದುವರಿದದ್ದು (ಮಾರ್ಕ 10:51).

ಖರ್ಚು ಯಾರದ್ದು?

ಗಂಡ ಇಗರ್ಜಿಯಿಂದ ಬಂದು, 'ಭಾನುವಾರ ಹತ್ತು ಜನರನ್ನು ಊಟಕ್ಕೆ ಕರೆದಿದ್ದೇನೆ' ಎನ್ನುತ್ತಾನೆ. ಆತಿಥ್ಯದ ಪುಣ್ಯ ಅವನಿಗೆ. ಬೆಳಿಗ್ಗೆ ಐದಕ್ಕೆ ಎದ್ದು ಕಾಯಿ ಕಡೆಯುವುದು, ಸಂಜೆ ನಾಲ್ಕಕ್ಕೆ ದೊಡ್ಡ ಪಾತ್ರೆ ತಿಕ್ಕುವುದು ಹೆಂಡತಿಗೆ. ಇದರಲ್ಲಿ ಗಂಡನ ತ್ಯಾಗ ಯಾವುದು? ಮಾತು ಕೊಡುವ ಮೊದಲು, ಆ ಮಾತಿನಿಂದ ಯಾರ ಕೆಲಸ ಹೆಚ್ಚಾಗುತ್ತದೋ ಅವರನ್ನು ಕೇಳಬೇಕು. ಅವರು ಆಗುವುದಿಲ್ಲ ಎಂದರೆ ಕರೆಯಬಾರದು. ಇಲ್ಲವೇ ಅಡಿಗೆಯನ್ನೂ ಪಾತ್ರೆಯನ್ನೂ ಕರೆದವನೇ ನೋಡಿಕೊಳ್ಳಬೇಕು. ಅಮ್ಮಂದಿರ ದಿನ ಬಂದಾಗ ತಾಯಿಯ ತ್ಯಾಗವನ್ನು ಹೊಗಳಿ ಗುಲಾಬಿ ಕೊಡುವ ಮನೆಗಳಲ್ಲಿ ಆ ದಿನವೂ ಪಾತ್ರೆ ತಿಕ್ಕುವುದು ತಾಯಿಯೇ.

ದೇವಾಲಯಕ್ಕೆ ಕೊರ್ಬಾನ್ (ದೇವರಿಗೆ ಮುಡಿಪು) ಎಂದು ಎತ್ತಿಟ್ಟು, ಅದೇ ನೆಪದಲ್ಲಿ ಹೆತ್ತವರಿಗೆ ಕೊಡಬೇಕಾದ್ದನ್ನು ತಪ್ಪಿಸಿಕೊಳ್ಳುವವರನ್ನು ಯೇಸುಸ್ವಾಮಿ ಗದರಿಸಿದ್ದು ಇದೇ ಕಾರಣಕ್ಕೆ (ಮಾರ್ಕ 7:11). ಇನ್ನೊಬ್ಬರ ಪಾಲನ್ನು ದಾನ ಮಾಡುವುದು ದಾನವಲ್ಲ.

ಮನೆಯೊಳಗೆ ಅಭ್ಯಾಸಕ್ಕೆ ಒಳ್ಳೆಯ ಕೆಲಸ ಬೇಕಾದರೆ, ಯಾರೂ ಗಮನಿಸದ, ಯಾರೂ ಮಾಡಲೊಪ್ಪದ ಒಂದನ್ನು ಆರಿಸಿ: ಬಚ್ಚಲಿನ ನೀರು ಹೋಗುವ ತೂತಿನ ಕೂದಲು ತೆಗೆಯುವುದು, ರಾತ್ರಿ ಅಜ್ಜ ಮೂತ್ರಕ್ಕೆ ಎದ್ದಾಗ ಜೊತೆ ಹೋಗುವುದು. ಮಾಡಿ, ಹೇಳಬೇಡಿ. ಎರಡು ವಾರ ಆದ ಮೇಲೆ 'ಯಾರೂ ಒಂದು ಮಾತು ಹೇಳಲಿಲ್ಲವಲ್ಲ' ಎಂಬ ಸಿಟ್ಟು ಬರುತ್ತದೆ. ಬರಲಿ. ಅಷ್ಟರವರೆಗೆ ಕೆಲಸ ಮಾಡಿಸಿದ್ದು ಪ್ರೀತಿಯೋ ಹೊಗಳಿಕೆಯ ಆಸೆಯೋ ಎಂದು ಆ ಸಿಟ್ಟಿನಿಂದಲೇ ಗೊತ್ತಾಗುವುದು.

ತಪಸ್ಸುಕಾಲದಲ್ಲಿ ಮಾಂಸ ಬಿಡುವವರಿಗೆ ಒಂದು ಮಾತು. ಬಿಟ್ಟ ಮಾಂಸದ ದುಡ್ಡು ಅದೇ ದಿನ ಡಬ್ಬಿಗೆ ಬೀಳಬೇಕು. ಕೋಳಿ ಬಿಟ್ಟು ಅದಕ್ಕಿಂತ ದುಬಾರಿ ಅಂಜಲ್ ಮೀನು ತಂದರೆ ಉಪವಾಸವೂ ಇಲ್ಲ, ಉಳಿತಾಯವೂ ಇಲ್ಲ.

ಹಾಸಿಗೆ ಹಿಡಿದವರ ಮನೆಯಲ್ಲಿ

ಕೇರಳದ ಗಡಿಜಿಲ್ಲೆಯಾದ ನಮ್ಮ ಕಾಸರಗೋಡಿನಲ್ಲಿ ಈ ಕೆಲಸಕ್ಕೆ ಮನೆ ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಎಣ್ಮಕಜೆ, ಪಡ್ರೆ, ಬೆಳ್ಳೂರು, ಕುಂಬ್ಡಾಜೆ ಕಡೆಯ ಎಷ್ಟೋ ಮನೆಗಳಲ್ಲಿ, ಬೆಳೆದು ದೊಡ್ಡವರಾದರೂ ಎತ್ತಿ ಕೂರಿಸಬೇಕಾದ ಮಕ್ಕಳಿದ್ದಾರೆ. ಸುಪ್ರೀಂ ಕೋರ್ಟು ಆ ಮದ್ದನ್ನು 2011ರಲ್ಲಿ ನಿಷೇಧಿಸಿತು. ಆದರೆ ಆ ತಾಯಂದಿರ ದಿನಚರಿ ಅದರಿಂದ ಬದಲಾಗಲಿಲ್ಲ. ಅಂಥ ಮನೆಗೆ ಹಣ್ಣಿನ ಬುಟ್ಟಿಗಿಂತ ಮೂರು ಗಂಟೆಯ ಬಿಡುವು ದೊಡ್ಡದು.

ಇಬ್ಬರು ಹೋಗಿ, ಒಬ್ಬರೇ ಬೇಡ. ಯೇಸುಸ್ವಾಮಿ ಶಿಷ್ಯರನ್ನು ಕಳಿಸಿದ್ದೂ ಇಬ್ಬಿಬ್ಬರಾಗಿ (ಮಾರ್ಕ 6:7). 1833ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿ ನಮ್ಮ ಧರ್ಮಕೇಂದ್ರಗಳವರೆಗೂ ಬಂದ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯವರು ಮನೆಭೇಟಿಗೆ ಹೋಗುವುದೂ ಹಾಗೆಯೇ. ಮಾತು ಬರದ ಮಗುವಿನ ಜೊತೆ ಹೊರಗಿನವರು ಒಬ್ಬರೇ ಇರಬಾರದು. ಮೀಯಿಸುವುದು, ಬಟ್ಟೆ ಬದಲಿಸುವುದು ಮನೆಯ ಹೆಂಗಸರ ಕೆಲಸವಾಗಿಯೇ ಇರಲಿ.

ಮೊದಲ ಎರಡು ಶನಿವಾರ ತಾಯಿ ಇರುವಾಗಲೇ ಪಕ್ಕದಲ್ಲಿ ಕೂತು ನೋಡಿ ಕಲಿಯಬೇಕು. ಮಗುವಿಗೆ ನಿಮ್ಮ ಧ್ವನಿ ಗುರುತಾಗಬೇಕು, ತಾಯಿಗೆ ನಿಮ್ಮ ಕೈ ನಂಬಿಕೆಯಾಗಬೇಕು. ಮೂರನೇ ಶನಿವಾರ ಹೇಳಿ: 'ಎರಡರಿಂದ ಐದರವರೆಗೆ ನಾವಿಬ್ಬರು ಇಲ್ಲೇ ಇರ್ತೇವೆ ಅಕ್ಕ. ಎಲ್ಲಿಗಾದರೂ ಹೋಗುವುದಾದರೆ ಹೋಗಿ ಬನ್ನಿ, ಮಲಗುವುದಾದರೆ ಮಲಗಿ.' ಎಲ್ಲಿಗೆ ಹೋದಿರಿ, ಏನು ಮಾಡಿದಿರಿ ಎಂದು ಕೇಳಬೇಡಿ. ಆ ಮೂರು ಗಂಟೆ ಅವರದ್ದು.

ಕಲಿಯಬೇಕಾದದ್ದು ಇಷ್ಟು. ತಾನಾಗಿ ಹೊರಳಲಾಗದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಎಳೆಯಬಾರದು, ಇಬ್ಬರು ಸೇರಿ ಎತ್ತಿ ಹೊರಳಿಸಬೇಕು. ಎಳೆದರೆ ಚರ್ಮ ಸುಲಿಯುತ್ತದೆ. ಸೊಂಟದ ಹಿಂದಿನ ಎಲುಬು, ಹಿಮ್ಮಡಿ, ತೊಡೆಯ ಪಕ್ಕದ ಎಲುಬು, ತಲೆಯ ಹಿಂಭಾಗ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಬಿಳಿಯಾಗದೆ ಕೆಂಪಾಗಿಯೇ ಉಳಿದರೆ ಹಾಸಿಗೆಹುಣ್ಣು ಶುರುವಾಗಿದೆ ಎಂದರ್ಥ. ಕಪ್ಪು ಮೈಯಲ್ಲಿ ಕೆಂಪು ಕಾಣದಿರಬಹುದು. ಮುಟ್ಟಿದರೆ ಬಿಸಿ, ಗಟ್ಟಿ ಎನಿಸುತ್ತದೆ. ಅಲ್ಲಿ ತಿಕ್ಕಬೇಡಿ, ಎಣ್ಣೆ ಹಚ್ಚಿ ಮಾಲೀಸು ಮಾಡಬೇಡಿ. ಆ ಜಾಗದ ಮೇಲೆ ಭಾರ ಬೀಳದ ಹಾಗೆ ಮಲಗಿಸಿ, ಪಂಚಾಯತಿನ ಪಾಲಿಯೇಟಿವ್ ನರ್ಸಿಗೆ (ಹಾಸಿಗೆ ಹಿಡಿದವರನ್ನು ಮನೆಗೆ ಬಂದು ನೋಡುವವರಿಗೆ) ತಿಳಿಸಿ.

ಗಂಜಿ ಕೊಡುವ ಮೊದಲು ಬೆನ್ನಿಗೆ ದಿಂಬು ಕೊಟ್ಟು ನೆಟ್ಟಗೆ ಕೂರಿಸಬೇಕು, ಗಲ್ಲ ತುಸು ಕೆಳಗಿರಬೇಕು. ಒಂದು ಹಿಡಿ ಕುಚ್ಚಿಲಕ್ಕಿಗೆ ಎಂಟು ಪಾಲು ನೀರು. ಅಗುಳು ಬೆರಳಲ್ಲಿ ಹಿಚುಕಿದರೆ ಕರಗುವಷ್ಟು ಬೇಯಲಿ. ತಿಳಿ ಬೇರೆ ಮಾಡಿ ಕುಡಿಸಬೇಡಿ, ಅಗುಳನ್ನು ತಿಳಿಯಲ್ಲೇ ನುರಿದು ಗಟ್ಟಿ ಮಾಡಿ. ನುಂಗಲು ಕಷ್ಟಪಡುವವರಿಗೆ ನೀರಿನಂಥದ್ದೇ ಬೇಗ ನೆತ್ತಿಗೆ ಹತ್ತುವುದು. ಬಿಸಿಯನ್ನು ಮಣಿಕಟ್ಟಿನ ಒಳಭಾಗಕ್ಕೆ ಒಂದು ಹನಿ ಬಿಟ್ಟು ನೋಡಿ. ಚಹಾ ಚಮಚದಲ್ಲಿ ಅರ್ಧರ್ಧ. ನುಂಗಿದ್ದು ಗಂಟಲಲ್ಲಿ ಕಂಡ ಮೇಲೆ ಮುಂದಿನ ಚಮಚ. ಕೆಮ್ಮಿದರೆ, ಧ್ವನಿ ನೀರು ತುಂಬಿದ ಹಾಗೆ ಗೊರಗೊರ ಎಂದರೆ ನಿಲ್ಲಿಸಿ. ಮುಗಿದ ಮೇಲೆ ಅರ್ಧ ಗಂಟೆ ಕೂತೇ ಇರಲಿ. ಉಪ್ಪು, ನೀರಿನ ಮಿತಿ ಹೇಳಿದ್ದಾರಾ ಎಂದು ಮನೆಯವರನ್ನು ಮೊದಲೇ ಕೇಳಿಕೊಂಡಿರಬೇಕು.

ಫಿಟ್ಸ್ ಬರುತ್ತದೆಯಾ ಎಂದೂ ಕೇಳಿ. ಬಂದರೆ ಒಂದು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಚಮಚ, ಬಟ್ಟೆ ಏನೂ ತುರುಕಬೇಡಿ, ಕೈಗೆ ಕಬ್ಬಿಣ ಕೊಡುವುದೂ ಬೇಡ. ಗಡಿಯಾರ ನೋಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಇಲ್ಲಿ ಪ್ರಾರ್ಥನೆಯ ಮಾತು. ಮನೆಯವರು ಕೇಳಿದರೆ ಮಾಡಿ, ಸಣ್ಣದಾಗಿ. ಹಿಂದೂ, ಮುಸ್ಲಿಂ ಮನೆಗೆ ಹೋಗುವಾಗ ಕೈಯಲ್ಲಿ ಕರಪತ್ರ ಬೇಡ. ಕಷ್ಟದಲ್ಲಿರುವವರು ನಿಮ್ಮ ಗಂಜಿಗೆ ಕೃತಜ್ಞತೆಯಿಂದ ತಲೆಯಾಡಿಸಬಹುದು. ಅದನ್ನು ನಂಬಿಕೆ ಎಂದು ಬರೆದುಕೊಳ್ಳುವುದು ಅವರಿಗೂ ಮೋಸ, ಸುವಾರ್ತೆಗೂ ಮೋಸ. ಫೋಟೋ ತೆಗೆದು ವಾಳೆಯ (ಇಗರ್ಜಿಯ ವಾರ್ಡಿನ) ವಾಟ್ಸಾಪ್ ಗುಂಪಿಗೆ ಹಾಕುವುದಂತೂ ಬೇಡವೇ ಬೇಡ (ಮತ್ತಾಯ 6:3).

ಆಸ್ಪತ್ರೆ ಮತ್ತು ಕಾಗದ

ದೊಡ್ಡ ಕಾಯಿಲೆ ಎಂದರೆ ಇಲ್ಲಿಯವರು ತಲಪಾಡಿಯ ಗಡಿ ದಾಟಿ ಮಂಗಳೂರಿಗೆ ಹೋಗುತ್ತಾರೆ. ರೋಗಿಯ ಜೊತೆ ರಾತ್ರಿ ನಿಲ್ಲುವುದು ದೊಡ್ಡ ಸಹಾಯ. ಆದರೆ ಒಬ್ಬರೇ ಮೂರು ರಾತ್ರಿ ನಿಂತು ನಾಲ್ಕನೇ ದಿನ ಜ್ವರ ಬಂದು ಮಲಗಿದರೆ ಈಗ ಇಬ್ಬರು ರೋಗಿಗಳು. ವಾಳೆಯ ಮುಖಂಡರಾದ ಗುರ್ಕಾರರು ಅಥವಾ ಸಭೆಯ ಹಿರಿಯರು ಒಂದು ಪಟ್ಟಿ ಮಾಡಲಿ: ಹನ್ನೆರಡು ಗಂಟೆಯ ಪಾಳಿ, ಒಬ್ಬರಿಗೆ ವಾರಕ್ಕೆ ಒಂದೇ ರಾತ್ರಿ. ನಿಲ್ಲುವವರು ಹೊದಿಕೆ, ಫ್ಲಾಸ್ಕು, ಚಾರ್ಜರ್, ಲಿಫ್ಟಿನ ಪಕ್ಕದ ಕ್ಯಾಂಟೀನಿಗೆ ಚಿಲ್ಲರೆ ತಮ್ಮದೇ ತರಬೇಕು. ರೋಗಿಯ ಮನೆಯವರ ಊಟಕ್ಕೆ ಕಣ್ಣಿಡಬಾರದು. ಪಾಳಿ ಬದಲಿಸುವಾಗ ಒಂದು ನೋಟುಬುಕ್ಕಿನಲ್ಲಿ ಬರೆದಿಡಿ: ಎಷ್ಟು ಹೊತ್ತಿಗೆ ಯಾವ ಮದ್ದು ಆಯಿತು, ಎಷ್ಟು ಕುಡಿದರು, ಮೂತ್ರ ಆಯಿತಾ, ಡಾಕ್ಟರು ಏನು ಹೇಳಿದರು, ಏನು ಕೇಳಬೇಕಾಗಿದೆ. ಬಾಯಿಮಾತಿನಲ್ಲಿ ದಾಟಿಸಿದ್ದು ಮೂರನೆಯವರಿಗೆ ತಲುಪುವಾಗ ಅರ್ಧ ಆಗಿರುತ್ತದೆ.

ಗಡಿನಾಡಿನದ್ದೇ ಆದ ಇನ್ನೊಂದು ಸೇವೆ ಇದೆ, ಇದನ್ನು ಯಾರೂ ಸೇವೆ ಎಂದು ಎಣಿಸುವುದಿಲ್ಲ. ಕನ್ನಡ ಶಾಲೆ ಕಲಿತ ಹಿರಿಯರ ಕೈಗೆ ಮಲಯಾಳದ ಫಾರ್ಮು, ನೋಟೀಸು ಬರುತ್ತದೆ. ಓದಲು ಬರುವುದಿಲ್ಲ ಎಂದು ಹೇಳಲು ನಾಚಿಕೆ. ಸುಮ್ಮನೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಮಲಯಾಳ ಓದಲು ಬರುವ ಯುವಕ ಯುವತಿಯರು ತಿಂಗಳಿಗೊಂದು ಭಾನುವಾರ ಪೂಜೆ ಅಥವಾ ಆರಾಧನೆ ಮುಗಿದ ಮೇಲೆ ಒಂದು ಗಂಟೆ ಕೂರಲಿ. ಪೂರ್ತಿ ಓದಿ ಅರ್ಥ ಹೇಳಬೇಕು, ಕೊನೆಯ ದಿನಾಂಕವನ್ನು ಕನ್ನಡದಲ್ಲಿ ದೊಡ್ಡದಾಗಿ ಬರೆದು ಕೊಡಬೇಕು. ಪಿಂಚಣಿಯ ಮಸ್ಟರಿಂಗಿಗೆ (ಪಿಂಚಣಿದಾರರು ಬದುಕಿದ್ದಾರೆ ಎಂದು ದಾಖಲಿಸುವುದಕ್ಕೆ) ಸರಕಾರಿ ಸೇವೆಗಳ ಅಕ್ಷಯ ಕೇಂದ್ರಕ್ಕೆ ಕರೆದುಕೊಂಡು ಹೋಗುವುದೂ ಇದರಲ್ಲೇ ಸೇರಲಿ. ಅದು ತಪ್ಪಿದರೆ ಪಿಂಚಣಿ ನಿಲ್ಲುತ್ತದೆ. ಅವರ ಆಧಾರ್, ಪಾಸ್‌ಬುಕ್ಕು ನಿಮ್ಮ ಮನೆಗೆ ಬರಬಾರದು, ಒಟಿಪಿ ನಿಮ್ಮ ಫೋನಿಗೆ ಬರಬಾರದು. ಪ್ರಾಮಾಣಿಕರ ಮೇಲೂ ನಾಳೆ ಸಂಶಯ ಬರುವುದು ಇಂಥಲ್ಲಿಯೇ.

ದುಡ್ಡು

ಸಾಲ ಕೊಡುವುದಾದರೆ ವಾಪಸು ಬಾರದಿದ್ದರೂ ನಿಮ್ಮ ಮನೆ ನಡೆಯುವಷ್ಟೇ ಕೊಡಿ, ಕೊಡುವಾಗಲೇ ಅದನ್ನು ಮನಸ್ಸಿನಲ್ಲಿ ದಾನ ಎಂದು ಬರೆದುಬಿಡಿ. ಹತ್ತು ಸಾವಿರ ಕೇಳಿದವರಿಗೆ ನಿಮ್ಮಿಂದ ಆಗುವ ಮೂರು ಸಾವಿರವನ್ನು ಮರಳಿ ಬೇಡ ಎಂದು ಕೊಟ್ಟರೆ ಸಂಬಂಧ ಉಳಿಯುತ್ತದೆ. ಸೊಸೈಟಿ ಸಾಲಕ್ಕೆ, ಚಿಟ್ಟಿಗೆ ಜಾಮೀನು ನಿಲ್ಲುವುದನ್ನು ತ್ಯಾಗ ಎಂದು ತಿಳಿಯಬೇಡಿ. ಜಾಮೀನಿನ ಬಗ್ಗೆ ಜ್ಞಾನೋಕ್ತಿಗಳು ಕೊಟ್ಟಷ್ಟು ಖಡಕ್ ಎಚ್ಚರಿಕೆ ಇನ್ನೆಲ್ಲೂ ಇಲ್ಲ (6:1-5). ಕಷ್ಟದಲ್ಲಿರುವವರ ಅಂಗಡಿಯ ಲೆಕ್ಕ ತೀರಿಸುವುದಾದರೆ, ನನ್ನ ಹೆಸರು ಹೇಳಬೇಡಿ ಎಂದು ಅಂಗಡಿಯವರಿಗೆ ಹೇಳಿ.

ಬೇಸಿಗೆಯ ನೀರು

ಏಪ್ರಿಲ್ ಮೇ ತಿಂಗಳಲ್ಲಿ ನೆರೆಮನೆಯ ಬಾವಿ ಬತ್ತಿ, ನಿಮ್ಮ ಸುರಂಗದಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡವಾಗಿ ಕೊರೆದದ್ದು) ಮಾತ್ರ ನೀರು ಬರುತ್ತಿದೆ ಎಂದಿಟ್ಟುಕೊಳ್ಳಿ. ಮೊದಲು ಅಳೆಯಿರಿ. 15 ಲೀಟರಿನ ಬಕೆಟು ಮೂರು ನಿಮಿಷದಲ್ಲಿ ತುಂಬಿದರೆ ನಿಮಿಷಕ್ಕೆ 5 ಲೀಟರು, ಗಂಟೆಗೆ 300, ದಿನಕ್ಕೆ 7,200. ಒಬ್ಬರಿಗೆ ದಿನಕ್ಕೆ 55 ಲೀಟರಿನಂತೆ ಐದು ಜನರ ಮನೆಗೆ ಬೇಕಾದದ್ದು 275. ಅಂದರೆ ನಿಮ್ಮ ಸುರಂಗದ ಒಂದು ಗಂಟೆಯ ನೀರು ನೆರೆಮನೆಯ ಇಡೀ ದಿನಕ್ಕೆ ಸಾಕು. ಬರಿಗಣ್ಣಿಗೆ ಸಣ್ಣಗೆ ಕಾಣುವ ನೀರನ್ನು ಹೀಗೆ ಲೆಕ್ಕ ಹಾಕದೆ 'ನಮಗೇ ಸಾಲದು' ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ, ಹೆದರಿರುತ್ತಾರೆ.

ಕೊಡುವ ಗಂಟೆ ಬೆಳಗ್ಗಿನದ್ದಾಗಿರಲಿ, ಆರರಿಂದ ಏಳು. ನಿಮ್ಮ ಕಂಗಿಗೆಲ್ಲ (ಅಡಕೆ ಮರಗಳಿಗೆ) ಬಿಟ್ಟು ಉಳಿದದ್ದನ್ನು ಸಂಜೆ ಕೊಡುವುದರಲ್ಲಿ ನಿಮ್ಮ ಖರ್ಚು ಏನೂ ಇಲ್ಲ. ಪೈಪು ಅವರ ಟಾಂಕಿಯವರೆಗೆ ಎಳೆದುಕೊಡಿ; ಇಲ್ಲದಿದ್ದರೆ ಅವರ ಮನೆಯ ಹೆಂಗಸು ದಿನಾ ಕೊಡ ಹಿಡಿದು ನಿಮ್ಮ ಅಂಗಳದಲ್ಲಿ ನಿಲ್ಲಬೇಕು. ಅಂಗಳದಲ್ಲಿ ಅಡಕೆ ಹರಡಿದವರ ಮನೆಯಲ್ಲಿ ಯಾರೂ ಇಲ್ಲದಾಗ ಅಕಾಲದ ಮೋಡ ಕಟ್ಟಿದರೆ, ನಿಮ್ಮದನ್ನು ರಾಶಿ ಮಾಡುವ ಮೊದಲು ಅವರದ್ದಕ್ಕೆ ಟರ್ಪಾಲು ಹಾಕುವುದೂ ಇದೇ ಜಾತಿಯ ಕೆಲಸ. ನಲವತ್ತು ದಿನದ ಬಿಸಿಲು ಒಂದು ಮಳೆಗೆ ಹೋಗಬಹುದು.

ಜಗಳದಲ್ಲಿ

ಜಗಳವಾದವನ ಹತ್ತಿರ ಮೊದಲು ಒಬ್ಬರೇ ಹೋಗಿ ಮಾತಾಡಬೇಕು, ಆಮೇಲೆ ಒಬ್ಬಿಬ್ಬರ ಜೊತೆ, ಆಮೇಲೆ ಸಭೆ (ಮತ್ತಾಯ 18:15-17). ನಾವು ಇದನ್ನು ತಲೆಕೆಳಗು ಮಾಡಿದ್ದೇವೆ: ಮೊದಲು ಊರಿಗೆ, ಕೊನೆಗೆ ಅವನಿಗೆ. ಹಗಲು ಹೋಗಿ, ಜಗಲಿಯಲ್ಲಿ ಕೂರಿ. ನಿಮ್ಮ ತಪ್ಪನ್ನು ಮೊದಲು, ಒಂದೇ ವಾಕ್ಯದಲ್ಲಿ, 'ಆದರೆ' ಸೇರಿಸದೆ ಹೇಳಿ. 'ನಿಮಗೆ ಬೇಜಾರಾಗಿದ್ದರೆ ಕ್ಷಮಿಸಿ' ಎಂಬುದು ಕ್ಷಮೆ ಕೇಳಿದ್ದಲ್ಲ, ತಪ್ಪನ್ನು ಅವರ ಬೇಜಾರಿಗೆ ದಾಟಿಸಿದ್ದು. ಕೊನೆಯ ಮಾತು ಅವರದ್ದಾಗಲಿ. ಗಡಿಕಲ್ಲಿನ ತಕರಾರಿಗೆ ಮಾತ್ರ ಸರ್ವೇಯರನ್ನೇ ಕರೆಸಿ; ಬಿಟ್ಟುಕೊಡುವುದಾದರೆ ಅಳೆದ ಮೇಲೆ, ಎಷ್ಟು ಬಿಡುತ್ತಿದ್ದೇನೆ ಎಂದು ಗೊತ್ತಿದ್ದು, ಬರೆದು ಬಿಟ್ಟುಕೊಡಿ.

ಇದು ಶಿಲುಬೆ ಅಲ್ಲ

ಕುಡಿದು ಬಂದು ಹೊಡೆಯುವ ಗಂಡನನ್ನು ಸಹಿಸಿಕೊಳ್ಳುವುದು ನಿನ್ನ ಶಿಲುಬೆ ಎಂದು ಹೆಂಗಸರಿಗೆ ಹೇಳುವ ಹಿರಿಯರು ಈಗಲೂ ಇದ್ದಾರೆ. ಇದು ತಪ್ಪು ಬೋಧನೆ. ಮಹಾಯಾಜಕನ ಎದುರು ಕಾವಲುಗಾರ ಕೆನ್ನೆಗೆ ಹೊಡೆದಾಗ ಯೇಸುಸ್ವಾಮಿ ಸುಮ್ಮನಿರಲಿಲ್ಲ. ಸರಿಯಾಗಿ ಮಾತಾಡಿದ್ದರೆ ಯಾಕೆ ಹೊಡೆದೆ ಎಂದು ಕೇಳಿದರು (ಯೋಹಾನ 18:23). ಅನ್ಯಾಯದ ವಿಚಾರಣೆಯಿಂದ ಪೌಲ ಕೈಸರನ ನ್ಯಾಯಾಸನಕ್ಕೆ ಮೊರೆಹೋದ (ಅಪೊಸ್ತಲರ ಕೃತ್ಯಗಳು 25:11). ಯೇಸುಸ್ವಾಮಿ ಪ್ರಾಣ ಕೊಟ್ಟದ್ದು ತಾನಾಗಿ. ಯಾರೂ ಅದನ್ನು ತನ್ನಿಂದ ಕಿತ್ತುಕೊಳ್ಳುವುದಿಲ್ಲ ಎಂದು ಮೊದಲೇ ಹೇಳಿದ್ದರು (ಯೋಹಾನ 10:18). ಹೆದರಿಸಿ ಕಿತ್ತುಕೊಂಡದ್ದಕ್ಕೆ ತ್ಯಾಗ ಎಂಬ ಹೆಸರು ಸಲ್ಲುವುದಿಲ್ಲ. ಅಂಥ ಮನೆಯ ಹೆಂಗಸಿಗೆ 181, ಮಕ್ಕಳಿಗೆ 1098, ತುರ್ತಿಗೆ 112. ಆ ರಾತ್ರಿ ಅವಳಿಗೆ ನಿಮ್ಮ ಮನೆಯ ಬಾಗಿಲು ತೆರೆಯುವುದು, ಮಾರನೆಯ ದಿನ ಅವಳ ಜೊತೆ ಠಾಣೆಗೆ ಹೋಗುವುದು ನಿಮ್ಮ ಪಾಲಿನ ಖರ್ಚು.

ತೆಗೆದುಕೊಳ್ಳುವುದು

ಕೊಡುವುದರಲ್ಲಿ ಗಟ್ಟಿಗರಾದವರು ತೆಗೆದುಕೊಳ್ಳುವುದರಲ್ಲಿ ಸೋಲುತ್ತಾರೆ. ಕಾಲು ತೊಳೆಯುವುದು ಬೇಡ ಎಂದು ಪೇತ್ರ ಹಟ ಹಿಡಿದದ್ದು (ಯೋಹಾನ 13:8) ವಿನಯ ಎಂದು ಕಾಣುತ್ತದೆ, ಆದರೆ ಯೇಸುಸ್ವಾಮಿ ಅದನ್ನು ಒಪ್ಪಲಿಲ್ಲ. ನಮ್ಮ ಕಡೆ ನೆರೆಮನೆಯ ಪಾತ್ರೆಯನ್ನು ಖಾಲಿ ಹಿಂದೆ ಕೊಡುವ ಕ್ರಮ ಇಲ್ಲ. ಆದ್ದರಿಂದ ಕಷ್ಟದಲ್ಲಿರುವ ಮನೆಗೆ ತಿಂಡಿ ಕಳಿಸುವಾಗ ಒಳ್ಳೆಯ ಸ್ಟೀಲ್ ಡಬ್ಬಿಯಲ್ಲಿ ಕಳಿಸಬೇಡಿ, ಬಾಳೆಲೆಯಲ್ಲಿ ಕಟ್ಟಿ ಕೊಡಿ. ಹಿಂದೆ ಕೊಡುವ ಚಿಂತೆ ಅವರಿಗಿರುವುದಿಲ್ಲ. ಅಷ್ಟಾದರೂ ಒಂದು ದಿನ ಅವರ ಹುಡುಗ ಎರಡು ಸೌತೆಕಾಯಿ ಹಿಡಿದುಕೊಂಡು ಬಾಗಿಲಿಗೆ ಬಂದರೆ 'ಅಯ್ಯೋ, ಇದೆಲ್ಲ ಯಾಕೆ ಮಾರಾಯ' ಎಂದು ವಾಪಸು ಕಳಿಸಬೇಡಿ. ತೆಗೆದುಕೊಂಡು ರಾತ್ರಿಗೇ ಹುಳಿ ಮಾಡಿ. ಮರುದಿನ ಸಿಕ್ಕಾಗ ಕಾಯಿ ಎಳತಾಗಿ ಚೆನ್ನಾಗಿತ್ತು ಎಂದು ಹೇಳಲು ಮರೆಯಬೇಡಿ.